ಅನುಮಾನ ಎಂಬ ಪ್ರಮಾಣ

2016ರ ಬೇಸಿಗೆಯಲ್ಲಿ ನಮ್ಮ ಮನೆಯ ಹಳೆಯ ಡೀಸೆಲ್ ಪಿಕಪ್ ಗಾಡಿ ದಾರಿ ಮಧ್ಯೆ ನಿಲ್ಲಲು ಶುರುವಾಯಿತು. ಚಿಂತಾಮಣಿಯ ಆಚೆಗಿರುವ ನಮ್ಮೂರಿನಿಂದ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಸುಮಾರು 45 ಕಿಲೋಮೀಟರ್. ಟೊಮೆಟೊ ಬಾಕ್ಸುಗಳನ್ನು ತುಂಬಿಕೊಂಡು ಬೆಳಗಿನ ಜಾವ ಹೊರಟ ಗಾಡಿ 25 ಕಿಲೋಮೀಟರ್ ಆಸುಪಾಸಿನಲ್ಲಿ ಎಳೆತ ಕಳೆದುಕೊಳ್ಳುತ್ತಿತ್ತು. ಎರಡು ಮೂರು ಸಲ ಜರ್ಕ್ ಹೊಡೆದು ಎಂಜಿನ್ ಆಫ್ ಆಗುತ್ತಿತ್ತು. ಎಷ್ಟು ಸೆಲ್ಫ್ ಹೊಡೆದರೂ ಹತ್ತುತ್ತಿರಲಿಲ್ಲ. ಅರ್ಧ ಗಂಟೆ ಬಿಟ್ಟು, ಕೈಪಂಪು ನಾಲ್ಕು ಸಲ ಒತ್ತಿ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು.

ಇದನ್ನೆಲ್ಲ ನಮಗೆ ಹೇಳಿದವರು ಡ್ರೈವರಣ್ಣ. ಮನೆಯವರು ಯಾರೂ ಕಣ್ಣಾರೆ ಕಂಡಿರಲಿಲ್ಲ.

ಮಾರುಕಟ್ಟೆಗೆ ತಡವಾಗಿ ಹೋದ ಟೊಮೆಟೊಗೆ ಏನಾಗುತ್ತದೆ ಎಂಬುದು ಬೆಳೆದವರಿಗೆ ಗೊತ್ತು. ಹರಾಜಿನಲ್ಲಿ 15 ಕಿಲೋ ಬಾಕ್ಸಿಗೆ ಮೊದಲು ಕೂಗಿದ ರೇಟು ಕೊನೆಯಲ್ಲಿ ಕೂಗುವ ರೇಟಲ್ಲ. ಬೇಕಾದ ವ್ಯಾಪಾರಿಗಳು ಬೇಕಾದಷ್ಟು ಕೊಂಡು ಹೋದ ಮೇಲೆ ಉಳಿದ ಮಾಲು ಕೇಳಿದಷ್ಟಕ್ಕೆ ಹೋಗುತ್ತದೆ. ಆ ವರ್ಷ ಕೊಳವೆಬಾವಿಯ ಸಾಲವೂ ಇತ್ತು. ಅಪ್ಪ ಕೆಟ್ಟವರಲ್ಲ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅವರ ಶಂಕೆಗೂ ಒಂದು ಹಿನ್ನೆಲೆ ಇತ್ತು ಎಂಬುದಷ್ಟೇ ಮಾತು. ಮಾರುಕಟ್ಟೆಯ ಬಳಿ ರಾತ್ರಿ ನಿಲ್ಲಿಸಿದ ಗಾಡಿಗಳಿಂದ ಡೀಸೆಲ್ ಕದಿಯುತ್ತಾರೆ ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲ ಅದು. ಕೆಲವು ವಾರಗಳ ಹಿಂದೆಯಷ್ಟೇ ಅಪ್ಪ ಟ್ಯಾಂಕಿಗೆ ಬೀಗವಿರುವ ಹೊಸ ಮುಚ್ಚಳ ತಂದು ಹಾಕಿದ್ದರು. ಬೀಗದ ಕೈ ಅವರ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಡೀಸೆಲ್ ಹಾಕಿಸುವ ಸಂಜೆ ಅವರೇ ಗಾಡಿಯಲ್ಲಿ ಬಂಕಿಗೆ ಹೋಗಿ, ಅವರೇ ಬೀಗ ತೆಗೆದು, ಟ್ಯಾಂಕ್ ಫುಲ್ ಮಾಡಿಸಿ ಬರುತ್ತಿದ್ದರು.

ಗಾಡಿ ಮೂರನೆಯ ಸಲ ನಿಂತಾಗ ಪೇಟೆಯ ಒಂದು ಗ್ಯಾರೇಜಿಗೆ ಬಿಟ್ಟೆವು. ಡೀಸೆಲ್ ಎಂಜಿನ್ ಹೀಗೆ ನಿಂತರೆ ನೋಡುವ ಕ್ರಮ ಒಂದಿದೆ. ಟ್ಯಾಂಕಿನಿಂದ ನಾಜಲ್‌ವರೆಗೆ ಡೀಸೆಲ್ ಬರುವ ದಾರಿಯನ್ನು ಹಿಡಿದು ಹೋಗಬೇಕು. ಫಿಲ್ಟರ್ ಕಟ್ಟಿಕೊಂಡಿದೆಯೇ, ತಳದಲ್ಲಿ ನೀರು ನಿಂತಿದೆಯೇ, ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದೆಯೇ, ಫೀಡ್ ಪಂಪು ಡೀಸೆಲನ್ನು ಮೇಲಕ್ಕೆ ಕಳಿಸುತ್ತಿದೆಯೇ ಎಂದು ನೋಡುತ್ತಾರೆ. ಕೊನೆಗೆ ದೊಡ್ಡ ಪಂಪು. ನಮ್ಮ ಕಡೆ ಅದನ್ನು ಈಗಲೂ ಮೈಕೋ ಪಂಪ್ ಎಂದೇ ಕರೆಯುತ್ತಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಮೆಕ್ಯಾನಿಕ್‌ಗಳ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ಗ್ಯಾರೇಜಿನವರು ಫಿಲ್ಟರ್ ಬದಲಿಸಿದರು, ಏರ್ ತೆಗೆದರು, ಒಂದು ರಬ್ಬರ್ ಪೈಪ್ ಹೊಸದು ಹಾಕಿದರು, ಊರಾಚೆ ಒಂದು ರೌಂಡ್ ಹೊಡೆದು ಬಂದರು. ಗಾಡಿ ನಿಲ್ಲಲಿಲ್ಲ. ‘ಗಾಡಿಯಲ್ಲೇನೂ ಇಲ್ಲ, ಡ್ರೈವರನ್ನ ಸ್ವಲ್ಪ ನೋಡ್ಕೊಳ್ಳಿ’ ಎಂದು ಹೇಳಿ ಕಳಿಸಿದರು.

ಆಮೇಲಿನ ವಾರ ಗಾಡಿ ಮತ್ತೆ ನಿಂತಿತು. ಅಪ್ಪ ಚಿಂತಾಮಣಿಗೆ ಹೋಗಿಬರುವಾಗ ಒಂದು ದಿನವೂ ನಿಂತಿರಲಿಲ್ಲ. ‘ನನ್ನ ಕೈಯಲ್ಲಿ ನಿಲ್ಲದ ಗಾಡಿ ನಿನ್ನ ಕೈಯಲ್ಲಿ ಯಾಕಪ್ಪ ನಿಲ್ತದೆ?’ ಎಂದು ಕೇಳಿದರು. ಡ್ರೈವರಣ್ಣನ ಹತ್ತಿರ ಉತ್ತರವಿರಲಿಲ್ಲ. ‘ಗೊತ್ತಿಲ್ಲ ಯಜಮಾನ್ರೇ, ನಿಂತೋಗ್ತದೆ’ ಎಂದರು.

ಅಪ್ಪ ಲೆಕ್ಕದ ಪುಸ್ತಕ ತೆಗೆದು ತಾರೀಖುಗಳನ್ನು ನೋಡಿದರು. ಗಾಡಿ ನಿಂತದ್ದೆಲ್ಲ ಟ್ಯಾಂಕ್ ತುಂಬಿಸಿದ ಮರುದಿನವೇ. ಈ ಗಮನಿಕೆ ಸರಿಯಾಗಿತ್ತು. ಗ್ಯಾರೇಜಿನವರ ಕಣ್ಣಿಗೆ ಬೀಳದ ಒಂದು ನಿಯಮವನ್ನು ಅಪ್ಪ ಕಂಡುಹಿಡಿದಿದ್ದರು. ಆದರೆ ಅದಕ್ಕೆ ಅವರು ಕೊಟ್ಟ ಅರ್ಥ ಬೇರೆ: ಟ್ಯಾಂಕ್ ತುಂಬಿದಾಗಲೇ ನಿಲ್ಲಿಸುತ್ತಾನೆ, ಅಂದರೆ ಕೆಳಗಿನ ಪೈಪ್ ಬಿಚ್ಚಿ ಡೀಸೆಲ್ ಇಳಿಸುತ್ತಿದ್ದಾನೆ.

*

ಕನ್ನಡದಲ್ಲಿ ಅನುಮಾನ ಎಂದರೆ ಶಂಕೆ. ‘ನನಗೆ ಅವನ ಮೇಲೆ ಅನುಮಾನ’ ಎನ್ನುತ್ತೇವೆ. ನ್ಯಾಯಶಾಸ್ತ್ರದಲ್ಲಿ ಅದೇ ಪದಕ್ಕೆ ಬಹುಮಟ್ಟಿಗೆ ಎದುರಾದ ಅರ್ಥ. ಅಲ್ಲಿ ಅನುಮಾನವು ಒಂದು ಪ್ರಮಾಣ, ಶಂಕೆಯನ್ನು ಕಳೆಯುವ ಜ್ಞಾನದ ದಾರಿ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯಿದೆ ಎಂದು ತಿಳಿಯುವುದು ಅನುಮಾನ. ಪ್ರಮಾಣ ಎಂಬ ಪದಕ್ಕೂ ನಮ್ಮಲ್ಲಿ ಇನ್ನೊಂದು ಬಳಕೆಯಿದೆ, ಆಣೆ ಪ್ರಮಾಣ ಎನ್ನುವಾಗಿನದು. ಅಪ್ಪ ತಮ್ಮ ಅನುಮಾನವನ್ನು ಬಾಯಿಬಿಟ್ಟು ಹೇಳಿದ ದಿನ ಡ್ರೈವರಣ್ಣ, ‘ದೇವಸ್ಥಾನದ ಮುಂದೆ ಪ್ರಮಾಣ ಮಾಡ್ತೀನಿ, ಬನ್ನಿ’ ಎಂದರು. ಒಬ್ಬರ ಬಳಿ ಅನುಮಾನವೆಂಬ ಪ್ರಮಾಣವಿತ್ತು, ಇನ್ನೊಬ್ಬರ ಬಳಿ ಆಣೆಯೆಂಬ ಪ್ರಮಾಣವಿತ್ತು. ಗಾಡಿಯನ್ನು ಮಾತ್ರ ಇಬ್ಬರೂ ಸೇರಿ ನೋಡಲಿಲ್ಲ.

ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು ಎಂದು ನೈಯಾಯಿಕರು ಎಚ್ಚರಿಸುತ್ತಾರೆ. ಕಾದ ಕಬ್ಬಿಣದಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿ ಹೊಗೆಯಾಡಬೇಕಾದರೆ ಹಸಿ ಸೌದೆ ಬೇಕು. ಹೀಗೆ ಮರೆಯಲ್ಲಿ ನಿಂತು ಸಂಬಂಧವನ್ನು ಉಂಟುಮಾಡುವ ಷರತ್ತಿಗೆ ಅವರು ‘ಉಪಾಧಿ’ ಎಂದು ಹೆಸರಿಟ್ಟರು. ಎರಡು ಸಂಗತಿ ಸದಾ ಜೊತೆಯಾಗಿ ಕಂಡವು ಎಂದಮಾತ್ರಕ್ಕೆ ಒಂದು ಇನ್ನೊಂದನ್ನು ಹೇಳುತ್ತದೆಂದು ಅಂದುಕೊಳ್ಳಬಾರದು, ನಡುವೆ ಹಸಿ ಸೌದೆ ಏನಾದರೂ ಇದೆಯೇ ನೋಡಬೇಕು. ಅಪ್ಪ ಹಸಿ ಸೌದೆಯನ್ನು ಹುಡುಕಲಿಲ್ಲ. ಅವರಿಗೆ ಬೇಕಾದ ನಡುಗೊಂಡಿ ಆಗಲೇ ಸಿಕ್ಕಿತ್ತು. ಅದು ಒಬ್ಬ ಮನುಷ್ಯನಾಗಿತ್ತು.

*

ಆ ಬೇಸಿಗೆ ನಾನು ಡಿಗ್ರಿ ಎರಡನೆಯ ವರ್ಷ ಮುಗಿಸಿ ರಜೆಗೆ ಬಂದಿದ್ದೆ. ‘ನೀನೂ ಒಂದು ದಿನ ಜೊತೆಗೆ ಹೋಗಿ ನೋಡು’ ಎಂದು ಅಪ್ಪ ಕಳಿಸಿದರು. ಡ್ರೈವರಣ್ಣನಿಗೆ ಖುಷಿಯಾಯಿತು. ‘ಒಳ್ಳೇದಾಯ್ತು, ನೀವೇ ಕಣ್ಣಾರೆ ನೋಡಿ’ ಎಂದರು. ಯಾವ ಊರು ದಾಟಿದ ಮೇಲೆ ಎಳೆತ ಕಡಿಮೆಯಾಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಹೇಗೆ ಸುಮ್ಮನೆ ಕೂರುತ್ತದೆ ಎಂದು ದಾರಿಯುದ್ದಕ್ಕೂ ವಿವರಿಸಿದರು. 25 ಕಿಲೋಮೀಟರ್ ಆಯಿತು. 30 ಆಯಿತು. ಗಾಡಿ ನಿಲ್ಲಲಿಲ್ಲ. ಕೋಲಾರ ಬಂತು. ಬಾಕ್ಸುಗಳನ್ನು ಇಳಿಸುವಾಗ ಅವರು ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದು ನಾನು ಹೇಳಿದ ಮಾತು ಇಷ್ಟು: ‘ನಿಲ್ಲಲಿಲ್ಲ.’

ಅದರಲ್ಲಿ ಸುಳ್ಳಿರಲಿಲ್ಲ. ಎರಡು ದಿನ ಬಿಟ್ಟು ಡ್ರೈವರಣ್ಣ ಗಾಡಿಯ ಕೀ ತಂದು ಜಗಲಿಯ ಮೇಲಿಟ್ಟು ಹೋದರು. ಆರು ವರ್ಷ ನಮ್ಮಲ್ಲಿ ಕೆಲಸ ಮಾಡಿದವರು. ಜಗಲಿಯ ಮೂಲೆಯ ಗೂಡಿನಲ್ಲಿ ಅವರಿಗೆಂದೇ ಬೇರೆಯಾಗಿ ಇಟ್ಟ ಒಂದು ಸ್ಟೀಲ್ ಲೋಟವಿತ್ತು. ಅವರು ಹೋದ ಮೇಲೂ ಅದು ಬಹಳ ದಿನ ಅಲ್ಲೇ ಇತ್ತು. ಅದು ಯಾಕೆ ಬೇರೆ ಎಂದು ನಾನು ಆ ವಯಸ್ಸಿನವರೆಗೂ ಕೇಳಿರಲಿಲ್ಲ. ಆ ಲೋಟಕ್ಕೂ ಡೀಸೆಲಿಗೂ ಸಂಬಂಧವಿಲ್ಲ ಎಂದು ಆಗ ಯಾರಾದರೂ ಹೇಳಿದ್ದರೆ ಒಪ್ಪುತ್ತಿದ್ದೆ. ಈಗ ಒಪ್ಪಲಾರೆ.

*

ಹೊಸ ಡ್ರೈವರ್ ಬಂದ. ಟ್ಯಾಂಕ್ ತುಂಬಿಸಿದ ಮರುದಿನ ಅವನ ಕೈಯಲ್ಲೂ ಗಾಡಿ ನಿಂತಿತು.

ಈ ಸಲ ಒಬ್ಬ ವಯಸ್ಸಾದ ಮೆಕ್ಯಾನಿಕ್ ಬಳಿ ಹೋದೆವು. ಅವರು ಸ್ಪ್ಯಾನರ್ ಹಿಡಿಯುವ ಮೊದಲು ಪ್ರಶ್ನೆ ಕೇಳಿದರು. ಎಷ್ಟು ದೂರ ಹೋದ ಮೇಲೆ ನಿಲ್ಲುತ್ತದೆ, ಎಷ್ಟು ಹೊತ್ತು ಬಿಟ್ಟರೆ ಹತ್ತುತ್ತದೆ, ನಿಂತಾಗ ಟ್ಯಾಂಕಿನಲ್ಲಿ ಎಷ್ಟಿತ್ತು, ಯಾವಾಗಿನಿಂದ ಶುರುವಾಯಿತು. ಯಾರು ಓಡಿಸುತ್ತಿದ್ದರು ಎಂಬುದನ್ನು ಮಾತ್ರ ಕೇಳಲಿಲ್ಲ. ಆಮೇಲೆ ಟ್ಯಾಂಕ್ ಫುಲ್ ಮಾಡಿಸಿ, ಮರಳು ಹೇರಿಸಿ, ಅಪ್ಪನನ್ನೂ ಕೂರಿಸಿಕೊಂಡು ಹೊರಟರು. ಗಾಡಿ ನಿಂತಿತು. ಇಳಿದು ಹೋಗಿ ಅಪ್ಪನಿಂದ ಬೀಗದ ಕೈ ಇಸಿದುಕೊಂಡು ಮುಚ್ಚಳ ತಿರುಗಿಸಿದರು. ಟ್ಯಾಂಕ್ ಉಸಿರೆಳೆದುಕೊಂಡ ಸದ್ದು ಕ್ಯಾಬಿನ್‌ವರೆಗೂ ಕೇಳಿಸಿತಂತೆ. ಕೈಪಂಪು ಒತ್ತಿ ಸೆಲ್ಫ್ ಹೊಡೆದರು. ಹತ್ತಿತು.

ಕಾರಣ ಹೈಸ್ಕೂಲಿನ ಪಾಠ. ಎಂಜಿನ್ ಕುಡಿದಷ್ಟು ಡೀಸೆಲ್ ಟ್ಯಾಂಕಿನಲ್ಲಿ ಕಡಿಮೆಯಾಗುತ್ತದೆ. ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ನಮ್ಮ ಗಾಡಿಯಲ್ಲಿ ಹಳೆಯ ಮುಚ್ಚಳದ ಸಣ್ಣ ರಂಧ್ರದಿಂದ ಅದು ಬರುತ್ತಿತ್ತು. ಬೀಗದ ಮುಚ್ಚಳದಲ್ಲಿ ರಂಧ್ರವಿರಲಿಲ್ಲ. 60 ಲೀಟರಿನ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ ಮೇಲೆ 3 ಲೀಟರ್ ಗಾಳಿ ಉಳಿದಿದೆ ಎಂದಿಟ್ಟುಕೊಳ್ಳಿ. ಲೀಟರಿಗೆ 12 ಕಿಲೋಮೀಟರಿನ ಲೆಕ್ಕದಲ್ಲಿ 25 ಕಿಲೋಮೀಟರಿಗೆ ಸುಮಾರು 2 ಲೀಟರ್ ಖರ್ಚು. 3 ಲೀಟರ್ ಗಾಳಿ 5 ಲೀಟರ್ ಜಾಗಕ್ಕೆ ಹಿಗ್ಗಬೇಕು. ಬಾಯ್ಲ್‌ನ ನಿಯಮದಂತೆ ಒತ್ತಡ ನೂರರಿಂದ ಅರವತ್ತಕ್ಕೆ ಇಳಿಯುತ್ತದೆ. ಫೀಡ್ ಪಂಪು ಅತ್ತಿಂದ ಎಳೆದರೆ ಟ್ಯಾಂಕು ಇತ್ತಿಂದ ಎಳೆಯುತ್ತದೆ. ಎಂಜಿನ್ನಿಗೆ ಡೀಸೆಲ್ ಸಾಲದೆ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮುಚ್ಚಳದ ಸಂದಿಯಿಂದ ಸ್ವಲ್ಪಸ್ವಲ್ಪವೇ ಗಾಳಿ ನುಸುಳಿ ಮತ್ತೆ ಸರಿಹೋಗುತ್ತದೆ.

ಟ್ಯಾಂಕ್ ಅರ್ಧ ಖಾಲಿಯಿದ್ದರೆ? 30 ಲೀಟರ್ ಗಾಳಿಯಿರುತ್ತದೆ. ಕೋಲಾರದವರೆಗೆ 4 ಲೀಟರ್ ಖರ್ಚಾದರೂ 30 ಹೋಗಿ 34 ಆಗುತ್ತದೆ, ಒತ್ತಡ ಎಂಬತ್ತೆಂಟರ ಮೇಲೆಯೇ ಇರುತ್ತದೆ. ಗಾಡಿ ನಿಲ್ಲುವುದಿಲ್ಲ.

ನಾನು ಜೊತೆಗೆ ಹೋದ ದಿನ ಟ್ಯಾಂಕ್ ಅರ್ಧವಿತ್ತು. ಡೀಸೆಲ್ ಕಳವಾಗುತ್ತಿದೆ ಎಂದು ಅಪ್ಪ ಆ ವಾರ ಫುಲ್ ಮಾಡಿಸಿರಲಿಲ್ಲ. ಕಳ್ಳತನದ ಭಯಕ್ಕೆ ಹಾಕಿದ ಮುಚ್ಚಳ ಗಾಡಿಯನ್ನು ನಿಲ್ಲಿಸಿತು. ಗಾಡಿ ನಿಂತದ್ದು ಕಳ್ಳತನದ ಅನುಮಾನವನ್ನು ಗಟ್ಟಿ ಮಾಡಿತು. ಆ ಅನುಮಾನ ಟ್ಯಾಂಕನ್ನು ಅರ್ಧಕ್ಕೇ ಇಟ್ಟು ಪರೀಕ್ಷೆಯನ್ನು ಕೆಡಿಸಿತು. ಕೆಟ್ಟ ಪರೀಕ್ಷೆಗೆ ನಾನು ಸಾಕ್ಷಿಯಾದೆ. ದಾರಿಯಲ್ಲಿ ಬೇಸತ್ತು ಒಂದು ಸಲ ಮುಚ್ಚಳ ತೆಗೆದು ನೋಡಿದ್ದರೂ ಡ್ರೈವರಣ್ಣನಿಗೆ ಎಲ್ಲ ಗೊತ್ತಾಗಿಬಿಡುತ್ತಿತ್ತು. ತೆಗೆಯಲು ಅವರ ಬಳಿ ಬೀಗದ ಕೈ ಇರಲಿಲ್ಲ.

*

ಈಗ ನಾನು ಸಂಶೋಧನೆ ಮಾಡುತ್ತಿರುವುದು ಭಾರತೀಯ ದರ್ಶನಗಳಲ್ಲಿ ಶಬ್ದಪ್ರಮಾಣದ ಬಗ್ಗೆ, ಅಂದರೆ ಇನ್ನೊಬ್ಬರ ಮಾತು ಯಾವಾಗ ಜ್ಞಾನವಾಗುತ್ತದೆ ಎಂಬ ಪ್ರಶ್ನೆಯ ಬಗ್ಗೆ. ಓದುತ್ತಾ ಹೋದಂತೆ ಆ ಗಾಡಿ ಪುಟಗಳ ನಡುವೆ ಬಂದು ನಿಲ್ಲುತ್ತದೆ.

ಕುಮಾರಿಲ ಭಟ್ಟನ ಮೀಮಾಂಸಾ ಪರಂಪರೆ ‘ಅನುಪಲಬ್ಧಿ’ಯನ್ನೂ ಒಂದು ಪ್ರಮಾಣವೆಂದು ಒಪ್ಪುತ್ತದೆ. ಕೋಣೆಯಲ್ಲಿ ಕೊಡ ಕಾಣುತ್ತಿಲ್ಲ, ಆದ್ದರಿಂದ ಕೊಡವಿಲ್ಲ. ಆದರೆ ಅದಕ್ಕೊಂದು ಷರತ್ತಿದೆ. ಇದ್ದಿದ್ದರೆ ಕಾಣಲೇಬೇಕಾದ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಆ ಕಾಣದಿರುವಿಕೆಗೆ ಬೆಲೆ. ಕತ್ತಲೆ ಕೋಣೆಯಲ್ಲಿ ಕೊಡ ಕಾಣಲಿಲ್ಲವೆಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಚಿಂತಾಮಣಿಯವರೆಗಿನ ಅಪ್ಪನ ಓಡಾಟ, ಗ್ಯಾರೇಜಿನವರ ಒಂದು ರೌಂಡ್, ನನ್ನ ಅರ್ಧ ಟ್ಯಾಂಕಿನ ಪ್ರಯಾಣ, ಮೂರೂ ಕತ್ತಲೆ ಕೋಣೆಗಳು. ಮೂವರೂ ‘ಕಾಣಲಿಲ್ಲ’ ಎಂದೆವು. ಮೂರು ಸೇರಿದಾಗ ಅದು ‘ಇಲ್ಲ’ ಎಂದಾಯಿತು.

ನ್ಯಾಯಭಾಷ್ಯ ಬರೆದ ವಾತ್ಸ್ಯಾಯನ, ಯಾರ ಮಾತನ್ನು ನಂಬಬಹುದು ಎಂಬುದಕ್ಕೆ ಸರಳವಾದ ಲಕ್ಷಣ ಕೊಡುತ್ತಾನೆ. ವಿಷಯವನ್ನು ನೇರವಾಗಿ ಬಲ್ಲವನು, ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಅವನೇ ಸೇರಿಸುತ್ತಾನೆ. ಮಾತಿನ ಬೆಲೆಯನ್ನು ಆಡಿದವನ ಹುಟ್ಟಿನಿಂದ ಅಳೆಯಬೇಡ ಎಂದು ಅಷ್ಟು ಹಿಂದೆಯೇ, ಅದೂ ಸಂಸ್ಕೃತದಲ್ಲಿ ಬರೆದದ್ದನ್ನು ಮೊದಲ ಸಲ ಓದಿದಾಗ ನನಗೆ ಜಗಲಿಯ ಲೋಟ ನೆನಪಾಯಿತು. ಮಿರಾಂಡಾ ಫ್ರಿಕರ್ 2007ರ ತಮ್ಮ ಪುಸ್ತಕದಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ನೋಡುತ್ತಾರೆ. ಕೇಳುವವರ ಪೂರ್ವಗ್ರಹದಿಂದ ಒಬ್ಬರ ಮಾತಿಗೆ ಸಲ್ಲಬೇಕಾದಷ್ಟು ನಂಬಿಕೆ ಸಲ್ಲದೇ ಹೋದರೆ, ಅದು ಅವರನ್ನು ತಿಳಿದವರೆಂದು ಎಣಿಸದೆ ಮಾಡುವ ಅನ್ಯಾಯ ಎನ್ನುತ್ತಾರೆ.

ಅಪ್ಪ ಡ್ರೈವರಣ್ಣನಿಂದ ಕೇಳಿದ್ದು ಸಾಕ್ಷಿಯನ್ನಲ್ಲ, ಕಾರಣವನ್ನು. ಯಾಕೆ ನಿಲ್ಲುತ್ತದೆ ಹೇಳು, ಇಲ್ಲದಿದ್ದರೆ ನಿಂತದ್ದೇ ಸುಳ್ಳು. ಗಾಡಿ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಹೊಟ್ಟೆನೋವು ಎಂದು ಬಂದವರನ್ನು ಯಾವ ಡಾಕ್ಟರೂ ಕಾರಣ ಹೇಳಿದರೆ ಮಾತ್ರ ನಂಬುತ್ತೇನೆ ಎನ್ನಬಾರದು. ಆದರೂ ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದಾಗ ಎಷ್ಟೋ ಹೆಂಗಸರ ನೋವು ‘ಮನಸ್ಸಿನದು’ ಆಗಿಬಿಡುತ್ತದೆ. ಹಾಸ್ಟೆಲಿನಲ್ಲಿ ನನಗೆ ಯಾರೋ ಕಿರುಕುಳ ಕೊಡುತ್ತಿದ್ದಾರೆ ಎಂದ ಹುಡುಗಿಗೆ, ‘ನಾವಿದ್ದಾಗ ಯಾರೂ ಏನೂ ಮಾಡಲಿಲ್ಲವಲ್ಲ’ ಎನ್ನುತ್ತೇವೆ.

ಹಾಗಾದರೆ ಹೇಳಿದ್ದನ್ನೆಲ್ಲ ನಂಬಬೇಕೇ? ಅಪ್ಪ ಇದನ್ನೇ ಕೇಳಿದರು. ಡೀಸೆಲ್ ಕದಿಯುವ ಡ್ರೈವರ್‌ಗಳು ಇಲ್ಲವೇ? ಇದ್ದಾರೆ. ಅನುಮಾನ ಪಡುವುದೇ ತಪ್ಪು ಎನ್ನಲು ನನಗೆ ಆಗುವುದಿಲ್ಲ. ಆದರೆ ಅನುಮಾನ ಪಟ್ಟವರಿಗೆ ಒಂದು ಕೆಲಸ ಬೀಳುತ್ತದೆ. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಹಾಕಿಸಿದ ಡೀಸೆಲ್ ಮತ್ತು ಓಡಿದ ಕಿಲೋಮೀಟರ್ ಎರಡೂ ಇದ್ದವು. ಎರಡು ವರ್ಷದ ಹಿಂದೆ ಕೂತು ಭಾಗಿಸಿ ನೋಡಿದೆ. ಆ ಮೂರು ತಿಂಗಳ ಮೈಲೇಜು ಹಿಂದಿನ ತಿಂಗಳುಗಳಷ್ಟೇ ಇತ್ತು. ಒಂದು ಲೀಟರೂ ಹೋಗಿರಲಿಲ್ಲ. ತಾರೀಖು ನೋಡಲು ಪುಸ್ತಕ ತೆಗೆದ ದಿನವೇ ಪಕ್ಕದ ಸಾಲಿನಲ್ಲಿ ಅದು ಕಾಣುತ್ತಿತ್ತು. ಗಾಡಿ, ಪುಸ್ತಕ, ಬೀಗದ ಕೈ, ಕೆಲಸದಿಂದ ತೆಗೆಯುವ ಅಧಿಕಾರ ಎಲ್ಲ ಒಂದೇ ಕಡೆ ಇದ್ದವು. ಆಣೆ ಮಾಡುವ ಹೊಣೆ ಮಾತ್ರ ಇನ್ನೊಂದು ಕಡೆಗೆ ಹೋಯಿತು. ನನ್ನ ಮಟ್ಟಿಗೆ ತಪ್ಪು ಇರುವುದು ಇಲ್ಲಿ. ಬೀಗದ ಕೈ ಯಾರ ಬಳಿ ಇದೆಯೋ ತೆರೆದು ನೋಡುವ ಹೊಣೆಯೂ ಅವರದು.

ನನ್ನ ತಪ್ಪು ಇನ್ನೂ ಚಿಕ್ಕದಾಗಿ ಕಾಣುತ್ತದೆ. ಅದಕ್ಕೇ ಅದರಿಂದ ತಪ್ಪಿಸಿಕೊಳ್ಳುವುದು ಸುಲಭ. ನಾನು ನಿಜ ಹೇಳಿದೆ. ನನ್ನ ಮಾತು ಯಾವ ಪ್ರಶ್ನೆಗೆ ಉತ್ತರವಾಗಿ ಬಳಕೆಯಾಗುತ್ತದೆ ಎಂಬುದು ಗೊತ್ತಿದ್ದೂ ಅಷ್ಟಕ್ಕೇ ನಿಲ್ಲಿಸಿದೆ. ‘ನಾನು ಹೋದ ದಿನ ನಿಲ್ಲಲಿಲ್ಲ. ಆ ದಿನ ಟ್ಯಾಂಕ್ ಅರ್ಧವಿತ್ತು’ ಎಂದಿದ್ದರೆ ಸಾಕಿತ್ತು. ಮುಳ್ಳು ಅರ್ಧದಲ್ಲಿದ್ದುದನ್ನು ನಾನು ನೋಡಿದ್ದೆ. ಅದು ಹೇಳಬೇಕಾದ ಸಂಗತಿ ಎಂದು ಅನ್ನಿಸಲಿಲ್ಲ, ಯಾಕೆಂದರೆ ನನ್ನನ್ನು ಕಳಿಸಿದ್ದು ಗಾಡಿಯನ್ನು ನೋಡಲು ಅಲ್ಲ, ಮನುಷ್ಯನನ್ನು ನೋಡಲು.

*

ಕಾರಣ ಸಿಕ್ಕ ದಿನ ಅಪ್ಪ, ‘ಥೂ, ಮುಚ್ಚಳದ್ದು ತಪ್ಪು’ ಎಂದರು. ಎಲ್ಲರೂ ನಕ್ಕೆವು. ಇಷ್ಟು ಚಿಕ್ಕ ವಿಷಯಕ್ಕೆ ಎಷ್ಟು ಖರ್ಚಾಯಿತು ಎಂದು ಲೆಕ್ಕ ಹಾಕಿದೆವು. ಆ ಲೆಕ್ಕದಲ್ಲಿ ಡ್ರೈವರಣ್ಣ ಬರಲಿಲ್ಲ. ಅಪ್ಪ ಒಬ್ಬರ ಕೈಲಿ ‘ಬರೋದಾದ್ರೆ ಬರಲಿ’ ಎಂದು ಹೇಳಿಕಳಿಸಿದರು. ಅವರು ಬರಲಿಲ್ಲ.

ಕಳೆದ ವರ್ಷ ಅವರನ್ನು ಹುಡುಕಿಕೊಂಡು ಹೋದೆ. ಈಗ ಹಾಲಿನ ಗಾಡಿ ಓಡಿಸುತ್ತಾರೆ. ಟೀ ಅಂಗಡಿಯ ಮುಂದೆ ನಿಂತು ಮುಚ್ಚಳದ ಕತೆ ಹೇಳಿದೆ. ಯಾರೋ ಆಗಲೇ ಹೇಳಿದ್ದರಂತೆ. ನಾನು ಜೊತೆಗೆ ಬಂದ ದಿನ ಟ್ಯಾಂಕ್ ಅರ್ಧವಿತ್ತು, ಅದನ್ನು ನೋಡಿಯೂ ಅಪ್ಪನಿಗೆ ಹೇಳಲಿಲ್ಲ ಎಂದೆ. ಅದು ಅವರಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಆವತ್ತು ಇಡೀ ದಾರಿ ನಾನು ದೇವರನ್ನ ಕೇಳ್ಕೊಂಡು ಬಂದೆ, ಒಂದ್ಸಲ ನಿಲ್ಲಲಿ ಅಂತ’ ಎಂದರು. ‘ಡ್ರೈವರಾಗಿ ಗಾಡಿ ನಿಲ್ಲಲಿ ಅಂತ ಕೇಳ್ಕೊಂಡಿದ್ದು ಅದೊಂದೇ ದಿನ.’

ಟೀ ದುಡ್ಡು ಕೊಡಲು ಬಿಡಲಿಲ್ಲ. ನಾನು ಕ್ಷಮೆ ಕೇಳಿದೆ. ಅವರು ಆಯಿತು ಎನ್ನಲಿಲ್ಲ, ಆಗಲ್ಲ ಎಂದೂ ಅನ್ನಲಿಲ್ಲ. ಹಾಲು ಕೆಡ್ತದೆ, ಹೊರಡಬೇಕು ಎಂದರು.

ಆ ಪಿಕಪ್ ಇನ್ನೂ ಮನೆಯಲ್ಲಿದೆ. ಮೆಕ್ಯಾನಿಕ್ ಅದೇ ಮುಚ್ಚಳಕ್ಕೆ ಸಣ್ಣದೊಂದು ರಂಧ್ರ ಕೊರೆದುಕೊಟ್ಟಿದ್ದರು, ಆಮೇಲೆ ಗಾಡಿ ಒಂದು ದಿನವೂ ನಿಂತಿಲ್ಲ. ಬೀಗ ಹಾಗೆಯೇ ಇದೆ. ಕಳೆದ ಸಲ ಊರಿಗೆ ಹೋದಾಗ ನೋಡಿದೆ, ಅದರ ಕೈ ಅಪ್ಪನ ಕೋಣೆಯ ಅದೇ ಮೊಳೆಯಲ್ಲಿತ್ತು.